ಮರಿಯಯ್ಯನ ಕರುಳಿಗೆ ಬಂದ ತಂತಿ

ಅರಕೆರೆಯ ಮರಿಯಯ್ಯನಿಗೆ ಎರಡೇ ಹೆಮ್ಮೆ. ಒಂದು, ಮಗಳನ್ನು ಮಾಕವಳ್ಳಿಯ ದೊಡ್ಡ ಮನೆಗೆ ಕೊಟ್ಟದ್ದು. ಇನ್ನೊಂದು, ತನ್ನ ದೊಡ್ಡ ಕರುಳು. ಬೆಳಗಿನ ಮೊದಲ ತುತ್ತು ಹೊಟ್ಟೆಗೆ ಬಿದ್ದದ್ದೇ ತಡ, ಚೊಂಬು ಹಿಡಿದು ಹೊರಡುತ್ತಿದ್ದ. ಅವನನ್ನು ನೋಡಿ ಊರವರು ಗಡಿಯಾರ ತಿದ್ದಿಕೊಳ್ಳುತ್ತಿದ್ದರು. (ಪಟ್ಟಣದ ಬಸ್ಸೂ ಅವನು ವಾಪಸಾದ ಮೇಲೆಯೇ ಹಾರ್ನ್ ಹೊಡೆಯುತ್ತಿತ್ತೆಂಬುದು ಅವನದೇ ಹೇಳಿಕೆ.)

ಡಾಕ್ಟರು ಇದಕ್ಕೊಂದು ಶಾಸ್ತ್ರ ಹೇಳಿದ ಮೇಲಂತೂ ಅವನನ್ನು ಹಿಡಿಯುವವರೇ ಇಲ್ಲ.

"ಒಟ್ಟೆಗೆ ಕೂಳು ಬಿದ್ದೇಟ್ಗೆ ಗ್ಯಾಸ್ಟ್ರಿನ್ ಅನ್ನೋ ಆರ್ಮೋನು ರಕ್ತದಲ್ಲಿ ಓಡೋಗಿ ಕರುಳ್ಗೆ ತಂತಿ ಕೊಡ್ತದೆ ಕಣ್ಲಾ: ಮ್ಯಾಲಿಂದ ವಸ ಮಾಲು ಬತ್ತಾದೆ, ಅಳೇದ್ನ ಖಾಲಿ ಮಾಡು! ಬ್ಯಾರೇರ್ಗೆ ಈ ತಂತಿ ಎತ್ತಿನ ಗಾಡೀಲಿ ಓಯ್ತದೆ, ನಂಗೆ ರೈಲಲ್ಲಿ!"

ತೊಂಬತ್ನಾಲ್ಕರ ಬೇಸಿಗೆ. ಮಾಕವಳ್ಳಿಯಲ್ಲಿ ಬೀಗರೂಟ. ಹೊರಡುವಾಗ ಹೆಂಡತಿ ಚಲುವಮ್ಮ ಎಚ್ಚರಿಸಿದಳು: "ಒಂದ್ ಲೋಟ ಕಾಪಿನಾದ್ರೂ ಕುಡ್ದು ಗದ್ದೆ ಕಡೀಕೋಗ್ಬಂದ್ಬುಡಿ. ಅಲ್ಲೋಗಿ ಮಾನ ಕಳೀಬ್ಯಾಡಿ."

"ಬೀಗ್ರೂಟಕ್ಕೆ ಬರೀ ಒಟ್ಟೇಲೇ ಓಗ್ಬೇಕು ಕಣಮ್ಮಿ. ನನ್ ಕರುಳು ನಾನೇಳ್ದಂಗೆ ಕೇಳ್ತದೆ, ನಿನ್ನಂಗಲ್ಲ!"

ಬೀಗ ಶಿವಲಿಂಗಯ್ಯ ಅವನನ್ನು ಪಂಕ್ತಿಯ ತಲೆಯಲ್ಲೇ ಕೂರಿಸಿದ. ಆ ಎಲೆಗೆ ಮರ್ಯಾದೆಯೂ ಉಂಟು, ಕಟ್ಟುಪಾಡೂ ಉಂಟು: ಅಲ್ಲಿ ಕೂತವನು ಎದ್ದರೆ ಇಡೀ ಸಾಲು ಏಳಬೇಕು.

ಗುಂಡುಕಲ್ಲಿನಂಥ ಮುದ್ದೆ, ಬಾಡಿನ ಸಾರು. ಮರಿಯಯ್ಯ ಮೊದಲ ತುತ್ತು ನುಂಗಿ ಎರಡನೆಯದನ್ನು ಸಾರಿಗೆ ಅದ್ದುವಷ್ಟರಲ್ಲಿ ತಂತಿ ತಲುಪಿತು. ಹಲ್ಲು ಕಚ್ಚಿದ. ಬೆವರಿದ. "ಸುಮ್ಕಿರ್ಲಾ!" ಎಂದು ಕರುಳನ್ನು ಗದರಿದ. ಪಕ್ಕದ ದಾಸಯ್ಯ ಚೀಪುತ್ತಿದ್ದ ಮೂಳೆಯನ್ನು ಹೆದರಿ ಕೆಳಗಿಟ್ಟ.

ಕೊನೆಗೆ ಎದ್ದೇಬಿಟ್ಟ. ಸಾಲಿಗೆ ಸಾಲೇ ಎಂಜಲು ಕೈಯಲ್ಲಿ ದಡಬಡ ಎದ್ದಿತು. ಮರಿಯಯ್ಯ ಕಬ್ಬಿನ ಗದ್ದೆಗೆ ಓಡಿದ, ಹಿಂದೆ ಬೀಗ, ಬೀಗನ ಹಿಂದೆ ಅರ್ಧ ಮಾಕವಳ್ಳಿ.

"ಬೀಗ್ರೇ, ಕ್ವಾಪ ಮಾಡ್ಕಬ್ಯಾಡಿ! ಸಾರ್ಗೆ ಉಪ್ಪು ಕಮ್ಮಿ ಆಯ್ತಾ? ಮಗ್ಳನ್ನ ಊವಿನಂಗೆ ನೋಡ್ಕತೀವಿ!"

"ದಮ್ಮಯ್ಯ ಅಂತೀನಿ, ಯಾರೂ ಇಂದೆ ಬರ್ಬ್ಯಾಡಿ!" ಎಂದು ಕಬ್ಬಿನೊಳಗಿಂದ ಆರ್ತನಾದ.

ಸಂಬಂಧ ಮುರಿಯಿತೆಂದು ಬೀಗಿತಿ ಗೊಳೋ ಎಂದಳು. ಚಲುವಮ್ಮ ವಿಧಿಯಿಲ್ಲದೆ ಬದುವಿನ ಮೇಲೆ ನಿಂತು, ಗ್ಯಾಸ್ಟ್ರಿನ್ನಿನಿಂದ ತಂತಿಯವರೆಗೆ ಇಡೀ ಶಾಸ್ತ್ರವನ್ನು ಮಹಾಸಭೆಗೆ ಒಪ್ಪಿಸಿದಳು: "ಮುನ್ಸಲ್ಲ ಕಣ್ರಪ್ಪ, ಆರ್ಮೋನು!"

ಮುಂದಿನ ಹಬ್ಬಕ್ಕೆ ದಂಪತಿಗಳು ಹೋದಾಗ ಶಿವಲಿಂಗಯ್ಯ ಕೈಮುಗಿಯಲಾರದೆ ಹೊಸಿಲಲ್ಲೇ ನಿಂತಿದ್ದ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಚೊಂಬು.

ಚಲುವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರಿಯಯ್ಯ ಎದೆಯುಬ್ಬಿಸಿದ.

"ನೋಡ್ದಾ? ಈ ಊರಲ್ಲಿ ಎರಡೂ ಕೈಲಿ ಮರ್ವಾದಿ ಸಿಕ್ಕೋದು ನಂಗೊಬ್ಬಂಗೆಯ!"