ಕಿನ್ನರ ಭಾಷೆಯಲ್ಲಿ ಚಿಟ್ಟೆ

ಇಂದುಮತಿ: ಹೋದ ಶನಿವಾರ ‘ಇಲ’ ಅಂದ್ರೆ ಇಬ್ಬನಿ ಅಂದ್ರಿ. ಇವತ್ತು ಬೆಳಕು ಅಂತೀರಿ. ಒಂದು ವಾರಕ್ಕೇ ಇಬ್ಬನಿ ಆರಿಹೋಯ್ತೆ?

ಹಯವದನ: ಭಾಷೆ ಅಂದಮೇಲೆ ಬೆಳೀತದೆ ಕಣೇ.

ಇಂದುಮತಿ: ಬೆಳೀಲಿ. ಆದರೆ ಶನಿವಾರ ಶನಿವಾರಕ್ಕೆ ಬೆಳೆದರೆ ಅದಕ್ಕೆ ಭಾಷೆ ಅನ್ನೋಲ್ಲ, ಸುಳ್ಳು ಅಂತಾರೆ.

ಹಯವದನ: ಇಲ, ಬೆಳಕು. ಓರೆ, ಸೊಟ್ಟಗೆ ಹಾರೋದು. ಬೆಳಕಿನಲ್ಲಿ ಸೊಟ್ಟಗೆ ಹಾರೋದು ಯಾವುದು? ಚಿಟ್ಟೆ. ಇಲೋರೆ! ಇದರಲ್ಲಿ ಏನು ತಪ್ಪು?

ಇಂದುಮತಿ: ಓರೆ ಅನ್ನೋದು ನಮ್ಮ ಕನ್ನಡದ್ದಲ್ಲವೆ? ಕಿನ್ನರರಿಗೆ ಯಾರು ಕೊಟ್ಟರು?

ಹಯವದನ: ಅವರೇ ನಮಗೆ ಕೊಟ್ಟಿರಬಹುದು.

ಮಣಿನಗರ ಸ್ಟೇಷನ್ನಿನಿಂದ ಹೊರಟ ಗಾಡಿಯೊಂದು ಕೂಗಿತು. ಆ ಮನೆಯಲ್ಲಿ ಗಾಡಿ ದಾಟುವವರೆಗೆ ಜಗಳ ನಿಲ್ಲಿಸುವುದು ರೂಢಿ. ಇಂದುಮತಿ ಅಷ್ಟರಲ್ಲಿ ಎರಡು ಬೀನ್ಸ್ ಮುರಿದಳು.

ಹಯವದನ ತಂತಿ ಕಚೇರಿಯ ಗುಮಾಸ್ತ. ಸೂರತ್ತಿನಲ್ಲಿ ಆರು ವರ್ಷ ಇದ್ದು ಅರವತ್ತೆರಡನೇ ಇಸವಿಯಲ್ಲಿ ಅಹಮದಾಬಾದಿಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಆರು ತಿಂಗಳ ಹಿಂದೆ ಯಾರೋ ಕೊಟ್ಟ ದಪ್ಪದೊಂದು ಇಂಗ್ಲಿಷ್ ಕಾದಂಬರಿಯಲ್ಲಿ ಎಲ್ಫ್ ಎಂಬ ಜನ ತಮ್ಮದೇ ಭಾಷೆ ಆಡುವುದನ್ನು ಓದಿದಂದಿನಿಂದ ಅವನಿಗೆ ನೆಮ್ಮದಿ ಇರಲಿಲ್ಲ. ಅವರ ಎಲ್ಫ್‌ಗಳಿಗೆ ಭಾಷೆ ಇರುವಾಗ ನಮ್ಮ ಕಿನ್ನರರು ಮೂಗರೇ ಎಂದು ಒಂದು ನೋಟುಪುಸ್ತಕ ಕೊಂಡು ತಂದ. ಈಗ ಅದರಲ್ಲಿ ನಾನೂರ ಹನ್ನೆರಡು ಪದಗಳಿದ್ದವು. ನಾಳೆ ಸಂಜೆ ವಡೋದರಾದ ಕನ್ನಡ ಸಂಘದಲ್ಲಿ ‘ಕಿನ್ನರ ಭಾಷೆಯಲ್ಲಿ ಪದಗಳ ಹುಟ್ಟು’ ಎಂದು ಅವನ ಭಾಷಣ. ಅಧ್ಯಕ್ಷತೆ ಭಾಷಾಶಾಸ್ತ್ರದ ಪ್ರೊಫೆಸರ್ ದಿವಾಕರ ಅವರದು. ಚಿಟ್ಟೆಗೆ ಇರುವ ಕಿನ್ನರ ಪದವೊಂದೇ ಹೇಗೆ ಹುಟ್ಟಿತು ಎಂದು ತೋರಿಸಿದರೆ ಸಾಕು ಎಂದು ಅವರು ಕಾರ್ಡು ಬರೆದಿದ್ದರು. ದಿವಾಕರರು ಯಾರನ್ನೂ ಬೈದವರಲ್ಲ. ಸ್ವಲ್ಪ ನಗುತ್ತಿದ್ದರು. ನಕ್ಕ ಮೇಲೆ ಆ ಮನುಷ್ಯ ಮತ್ತೆ ಸಂಘದ ಕಡೆ ತಲೆ ಹಾಕುತ್ತಿರಲಿಲ್ಲ.

ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಮಾಡಿದ್ದ ಇಂದುಮತಿಗೆ ಆ ನಗೆಯ ಪರಿಚಯ ಚೆನ್ನಾಗಿತ್ತು.

ಇಂದುಮತಿ: ರೀ, ನಿಜ ಹೇಳಿ. ಪದ ಮೊದಲು ಬಂತೋ, ಅದರ ಮೂಲ ಮೊದಲು ಬಂತೋ?

ಹಯವದನ: ಪದ ತಾನಾಗಿ ಬರ್ತದೆ. ಮೂಲ ನಾನು ಆಮೇಲೆ ಹುಡುಕ್ತೀನಿ.

ಇಂದುಮತಿ: ಮಗು ಹುಟ್ಟಿದ ಮೇಲೆ ಅಜ್ಜನನ್ನು ಹುಡುಕಿದ ಹಾಗೆ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಬಂದವನು ಇಂದುಮತಿಯ ಅಣ್ಣ ಕೇಶವ, ಸೂರತ್ತಿನ ಜರಿ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಹಳೆಯ ಗುಮಾಸ್ತ. ಆ ಅಂಗಡಿಯ ಕೆಲಸಕ್ಕೆಂದು ಅಹಮದಾಬಾದಿಗೆ ಬಂದಿದ್ದ. ಮಿಠಾಯಿ ಡಬ್ಬಿ ಮೇಜಿನ ಮೇಲಿಟ್ಟು ಕೂತ.

ಹಯವದನ: ಒಳ್ಳೆ ಹೊತ್ತಿಗೆ ಬಂದ್ರಿ ಭಾವ. ನಿಮ್ಮ ತಂಗಿಗೆ ಕಿವಿ ಇಲ್ಲ. ನೀವು ಕೇಳಿ. ‘ಇಲೋರೆ ಸುಮೆಲ ತಾವಿರು.’

ಕಾಫಿ ಲೋಟ ಕೇಶವನ ತುಟಿಯ ಹತ್ತಿರ ನಿಂತುಬಿಟ್ಟಿತು.

ಕೇಶವ: ಇನ್ನೊಂದು ಸಲ ಹೇಳಿ.

ಹಯವದನ: (ಹಿಗ್ಗಿ) ಇಲೋರೆ ಸುಮೆಲ ತಾವಿರು!

ಕೇಶವ: ಅಯ್ಯೋ! ಯಾವಾಗ ಬಂತು?

ಹಯವದನ: ಮೊನ್ನೆ ಸ್ನಾನ ಮಾಡ್ತಾ ಇದ್ದಾಗ.

ಕೇಶವ: ಮೊನ್ನೆ ಬಂದದ್ದನ್ನ ಇವತ್ತು ಹೇಳ್ತೀರಾ? ಕಳಿಸಿದವರು ಯಾರು?

ಹಯವದನ: ಯಾರೂ ಕಳಿಸಲಿಲ್ಲ. ಕಿನ್ನರರಾಜನ ಮಗಳು ಹೇಳೋದು.

ಕೇಶವ: ಬೆಂಗಳೂರಿನವಳೆ?

ಹಯವದನ: ಹಿಮಾಲಯದವಳು.

ಕೇಶವ: ಹಿಮಾಲಯಕ್ಕೆ ನಾವು ಮಾಲೇ ಕಳಿಸೋಲ್ಲವಲ್ಲ! ಎಷ್ಟು ಪೆಟ್ಟಿಗೆ?

ಹಯವದನ: ಪೆಟ್ಟಿಗೆ ಎಲ್ಲಿಂದ ಬಂತು? ಒಂದೇ ಚಿಟ್ಟೆ. ಚಂದ್ರನ ತೊಡೆ ಮೇಲೆ ಮಲಗಿದೆ.

ಕೇಶವ: ಇಂದು, ಇವರಿಗೆ ಜ್ವರವೇನೆ?

ಇಂದುಮತಿ: ಜ್ವರ ಅಲ್ಲ ಅಣ್ಣ, ಭಾಷೆ. ಸುಮೆಲ ಅಂದ್ರೆ ಚಂದ್ರ, ತಾವಿರು ಅಂದ್ರೆ ಮಲಗೋದು ಅಂತೆ. ಇವರೇ ಹುಟ್ಟಿಸಿದ್ದು.

ಕೇಶವ: ಇವರು ಹುಟ್ಟಿಸಿದ್ದೆ?

ಕೇಶವ ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನಿನ ಒಳಜೇಬಿನಿಂದ ಕಪ್ಪು ರಟ್ಟಿನ ಸಣ್ಣ ಪುಸ್ತಕವೊಂದನ್ನು ತೆಗೆದ. ಅದನ್ನು ಎದೆಗೆ ಆನಿಸಿ ಹಿಡಿದುಕೊಂಡು, ಬೇರೆಯವರಿಗೆ ಕಾಣದಂತೆ ಓದಿದ.

ಕೇಶವ: ಇಲೋರೆ: ಜರಿ ಕಪ್ಪಾಗಿದೆ. ಸುಮೆಲ: ನೇಕಾರರು ಮುಟ್ಟೋಲ್ಲ ಅಂತಾರೆ. ತಾವಿರು: ವಾಪಸು ಕಳಿಸ್ತಾ ಇದ್ದೇವೆ.

ಇಂದುಮತಿ ಬೀನ್ಸ್ ಮುರಿಯುವುದನ್ನು ನಿಲ್ಲಿಸಿದಳು. ಈ ಸಲ ಜಗಳ ನಿಲ್ಲಿಸಿದ್ದು ಗಾಡಿಯಲ್ಲ.

ಕೇಶವ: ಇದು ನಮ್ಮ ಪೇಢಿಯ ಗುಟ್ಟಿನ ಪುಸ್ತಕ. ಬೆಂಗಳೂರಿನ ಗಿರಾಕಿಗಳಿಗೂ ನಮಗೂ ನಡುವೆ ತಂತಿಗೆ ಮಾತ್ರ. ಪಕ್ಕದಂಗಡಿಯವನಿಗೆ ಗೊತ್ತಾಗಬಾರದು ಅಂತ ಇಂಥ ಮಾತು. ರಾಯರೇ, ನೀವು ಸೂರತ್ತಿನಲ್ಲಿ ಕೂತು ಆರು ವರ್ಷ ಕಳಿಸಿದ್ದೂ ಪಡೆದದ್ದೂ ಇವನ್ನೇ!

ಇಂದುಮತಿ: ರೀ, ಇಬ್ಬನಿಗೆ ಏನು ಅಂತೀರಿ?

ಹಯವದನ: (ಮೆಲ್ಲಗೆ) ಸೋವನೆ.

ಕೇಶವ: ಪಾರ್ಸೆಲ್ ಮಳೇಲಿ ನೆನೆದಿದೆ.

ಇಂದುಮತಿ: ಸೌಂದರ್ಯಕ್ಕೆ?

ಹಯವದನ: ಅರುವೆಲ.

ಕೇಶವ: ತೂಕ ಕಡಿಮೆ.

ಇಂದುಮತಿ: ಪ್ರೀತಿಗೆ?

ಹಯವದನ: ಬೇಡ ಬಿಡೇ... ಲೆನಿಯೋ.

ಕೇಶವ: ನಾವು ಹೇಳುವವರೆಗೆ ಏನೂ ಮಾಡಬೇಡಿ.

ಇಂದುಮತಿ: ಅದೊಂದು ಸರಿಯಾಗಿದೆ.

ಹಯವದನ: ನಾನು ಕದೀಲಿಲ್ಲ ಭಾವ, ಆಣೆಗೂ. ಅರ್ಥ ಗೊತ್ತಿಲ್ಲದ ಮಾತುಗಳು, ತಲೇಲಿ ಖಾಲಿ ಮನೆಗಳ ಹಾಗೆ ಇದ್ದವು. ಖಾಲಿ ಇದೆಯಲ್ಲ ಅಂತ ಚಿಟ್ಟೆಯನ್ನ ಒಳಗೆ ಬಿಟ್ಟೆ.

ಕೇಶವ: ಒಳಗೆ ನಮ್ಮ ಸೇಠರು ಇದ್ದರು! ನಾಳೆ ನೀವು ವೇದಿಕೆ ಮೇಲೆ ನಿಂತು ಇದನ್ನ ಓದಿದರೆ ನನ್ನ ಕೆಲಸ ಹೋಗ್ತದೆ. ತಂತಿಯ ಮಾತು ಹೊರಗೆ ಹೇಳಿದ ಅಂತ ನಿಮ್ಮದೂ ಹೋಗ್ತದೆ. ಇಬ್ಬರೂ ಕೂತು ಕಿನ್ನರ ಭಾಷೇಲಿ ಅಳಬಹುದು.

ಇಂದುಮತಿ: ಅಣ್ಣ, ಈ ಪದಗಳನ್ನ ಮಾಡಿದವರು ಯಾರು?

ಕೇಶವ: ನಾನೇ. ಹದಿನಾರು ವರ್ಷವಾಯ್ತು.

ಇಂದುಮತಿ: ಯಾವ ನಿಯಮದ ಮೇಲೆ?

ಕೇಶವ: ಒಂದೇ ನಿಯಮ. ಒಂದಕ್ಷರ ತಪ್ಪಿ ಹೋದರೂ ಪುಸ್ತಕದ ಇನ್ನೊಂದು ಪದ ಆಗಿಬಿಡಬಾರದು. ಎಂಥ ತೂಕಡಿಸೋ ಗುಮಾಸ್ತ ಕಳಿಸಿದರೂ ಮಾಲು ಬೇರೆ ಊರಿಗೆ ಹೋಗಬಾರದು.

ಹಯವದನ: ಯಾವ ಗುಮಾಸ್ತನ್ನ ನೋಡಿ ಈ ನಿಯಮ ಮಾಡಿದ್ರಿ?

ಕೇಶವ: ಆಗಿನ್ನೂ ನೀವು ಬಂದಿರಲಿಲ್ಲ. ಬಂದ ಮೇಲೆ ನಿಯಮ ಒಳ್ಳೇದು ಅಂತ ಗೊತ್ತಾಯ್ತು.

ಇಂದುಮತಿ ನೋಟುಪುಸ್ತಕವನ್ನು ಎಳೆದುಕೊಂಡಳು. ಕೆಂಪು ಪೆನ್ಸಿಲ್ ತೆಗೆದಳು. ಕೇಶವ ಹೇಳುತ್ತ ಹೋದ, ಅವಳು ಗೀಟು ಹೊಡೆಯುತ್ತ ಹೋದಳು. ನಾನೂರ ಹನ್ನೆರಡರಲ್ಲಿ ನಾನೂರು ಹೋದವು. ಉಳಿದ ಹನ್ನೆರಡರಲ್ಲಿ ಏಳು ಸೂರತ್ತಿಗೂ ಅಹಮದಾಬಾದಿಗೂ ನಡುವಿನ ಸಣ್ಣ ಸ್ಟೇಷನ್‌ಗಳ ಹೆಸರುಗಳೆಂದು ಅವಳೇ ಕಂಡುಹಿಡಿದಳು. ಇನ್ನುಳಿದ ಐದರಲ್ಲಿ ಚಿಟ್ಟೆ ಇರಲಿಲ್ಲ.

ಹಯವದನ: ಪ್ರೊಫೆಸರರಿಗೆ ತಂತಿ ಕೊಟ್ಟುಬಿಡ್ತೀನಿ. ಹೊಟ್ಟೆನೋವು ಅಂತ.

ಇಂದುಮತಿ: ಕೊಡಬೇಡಿ. ಅವರು ಕೇಳಿದ್ದು ಒಂದು ಪದ. ಕೂತ್ಕೊಂಡು ಒಂದು ಮಾಡಿ.

ಹಯವದನ: ಈಗಲೇ?

ಇಂದುಮತಿ: ಈಗಲೇ. ಕಚೇರಿಯದು ಬೇಡ, ರೈಲಿನದು ಬೇಡ.

ಹಯವದನ ಕಣ್ಣು ಮುಚ್ಚಿದ. ಬಲಗೈ ಬೆರಳು ತಂತಿ ಒತ್ತುವ ಅಭ್ಯಾಸದಲ್ಲಿ ಮಿಠಾಯಿ ಡಬ್ಬಿಯ ಮುಚ್ಚಳದ ಮೇಲೆ ಟಕಟಕ ಆಡುತ್ತಿತ್ತು. ಆಡುತ್ತ ಆಡುತ್ತ ಅದು ತಂತಿಯ ಲಯ ಬಿಟ್ಟು ಹಗುರಾಗಿ, ಎಲ್ಲೆಲ್ಲೋ ಕೂತು ಎದ್ದು, ಕೊನೆಗೆ ನಿಂತಿತು.

ಹಯವದನ: ನಿಯೂವೆ.

ಇಂದುಮತಿ: ಮೂಲ?

ಹಯವದನ ಬಾಯಿ ತೆರೆದ. ನಿಯೂ ಎಂದರೆ ಏನೋ, ವೆ ಎಂದರೆ ಇನ್ನೇನೋ, ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ಹೆಂಡತಿಯ ಕೈಯಲ್ಲಿದ್ದ ಕೆಂಪು ಪೆನ್ಸಿಲನ್ನು ನೋಡಿ ಬಾಯಿ ಮುಚ್ಚಿದ.

ಹಯವದನ: ಮೂಲ ಇಲ್ಲ. ಬೆರಳಿಗೆ ಬಂತು, ಅಷ್ಟೇ.

ಇಂದುಮತಿ: ನಾಳೆ ಇದನ್ನೇ ಹೇಳಿ.

ಹಯವದನ: ಅವರು ನಕ್ಕರೆ?

ಇಂದುಮತಿ: ನಗೋಕೆ ಏನಾದರೂ ಸುಳ್ಳು ಸಿಗಬೇಕಲ್ಲ. ಆರು ತಿಂಗಳಲ್ಲಿ ನೀವು ಹೇಳಿದ್ದನ್ನ ನಾನು ನಂಬಿದ್ದು ಇದೇ ಮೊದಲು.

ಹಯವದನ ಖುಷಿಯಿಂದ ಆ ಪದವನ್ನು ಇನ್ನೆರಡು ಸಲ ಅಂದುಕೊಂಡ. ಅತ್ತ ಕೇಶವ ಕಪ್ಪು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿ, ಅದನ್ನು ಹೋಲುವ ಪದ ಇನ್ನೊಂದಿಲ್ಲವೆಂದು ಖಚಿತಮಾಡಿಕೊಂಡು, ಪೆನ್ಸಿಲ್ ತುದಿಗೆ ಎಂಜಲು ಹಚ್ಚಿ ಬರೆಯತೊಡಗಿದ.

ಹಯವದನ: ಭಾವ! ಏನು ಬರೀತಾ ಇದೀರಿ? ಅದು ಚಿಟ್ಟೆ!

ಕೇಶವ: ನಿಮ್ಮ ಹಿಮಾಲಯದಲ್ಲಿ ಚಿಟ್ಟೆ. ನಮ್ಮಲ್ಲಿ, ‘ಮಾಲು ತಲುಪಿತು, ಚೆನ್ನಾಗಿದೆ, ಏನೂ ತಕರಾರಿಲ್ಲ.’

ಇಂದುಮತಿ: ಇಷ್ಟು ವರ್ಷ ಅದಕ್ಕೆ ಯಾವ ಪದ ಇತ್ತು ಅಣ್ಣ?

ಕೇಶವ: ಯಾವುದೂ ಇರಲಿಲ್ಲ. ಬೇಕಾಗಿರಲೇ ಇಲ್ಲ.