ಕಟ್ಟು ಅತ್ತೆಗೆ, ಚರಟ ನಮಗೆ

ನಮ್ಮತ್ತೆಯ ತಲೆಗೂದಲಿನಿಂದ ನಮ್ಮ ಮನೆಗೆ ಇದುವರೆಗೆ ಮೂರು ಬಟ್ಟಲು, ಎರಡು ಸೌಟು ಮತ್ತು ಸೊಪ್ಪು ಬಸಿಯುವ ಒಂದು ಜರಡಿ ಬಂದಿವೆ. ನಂಬುವುದಿಲ್ಲವೆ? ಮುಳಬಾಗಿಲಿಗೆ ಬನ್ನಿ, ತೋರಿಸುತ್ತೇನೆ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ; ಆಕೆಯ ಕೂದಲಿನ ಬಗ್ಗೆ ಬರೆಯುವಷ್ಟು ಧೈರ್ಯ ನನಗಿಲ್ಲ. ಇವಳು ನಮ್ಮಪ್ಪನ ತಂಗಿ. ವಯಸ್ಸು ಅರವತ್ತೈದರ ಆಚೆ, ಎರಡು ವರ್ಷದಿಂದ ನಮ್ಮ ಜೊತೆಗಿದ್ದಾಳೆ.

ನಮ್ಮ ಬೀದಿಗೆ ಆಗಾಗ ಒಬ್ಬ "ಎಂಟ್ರುಕಲಕು ಸಾಮಾನ್ಲು" ಎಂದು ತೆಲುಗಿನಲ್ಲಿ ಕೂಗುತ್ತ ಬರುತ್ತಾನೆ. ಬಾಚಿದಾಗ ಉದುರಿದ ಕೂದಲನ್ನು ಉಂಡೆ ಕಟ್ಟಿ ಕೊಟ್ಟರೆ ಸ್ಟೀಲ್ ಸಾಮಾನು ಕೊಡುತ್ತಾನೆ. ಈಗ ನನ್ನ ಅವಮಾನವನ್ನು ನೀವೇ ಊಹಿಸಿ. ಶ್ರೀನಿವಾಸಪುರದ ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಲೋಟ ಮಾರಿ, ಈ ಊರಿನಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟವನು ನಾನು! ನನ್ನ ಅಂಗಡಿಯ ಬಟ್ಟಲು ಸುಮ್ಮನೆ ಕೊಡುತ್ತೇನೆಂದರೂ ಅತ್ತೆಗೆ ಬೇಡ. ಸುಮ್ಮನೆ ಬಂದ ಪಾತ್ರೆಯಲ್ಲಿ ಚೌಕಾಸಿಯ ರುಚಿ ಇರುವುದಿಲ್ಲವಂತೆ. ಕೂದಲು ಬೆಳ್ಳಗಿದೆ, ಚಿಕ್ಕದೇ ಸಾಕು ಎಂದು ಅವನು ರಾಗ ಎಳೆದರೆ, "ಬೆಳ್ಳಿ ಕಣಯ್ಯ ಅದು, ದೊಡ್ಡದು ಕೊಡು" ಎಂದು ಕಸಿದುಕೊಂಡೇ ಒಳಗೆ ಬರುತ್ತಿದ್ದಳು.

ಅವನೇ ಒಂದು ದಿನ ಉಂಡೆಯನ್ನು ಕೈಯಲ್ಲಿ ತೂಗಿ ನೋಡಿ, ಇಷ್ಟೂ ಒಂದೇ ತಲೆಯದಾ ಎಂದು ಕೇಳಿ, ಚೌಕಾಸಿಯಿಲ್ಲದೆ ದೊಡ್ಡ ಬಟ್ಟಲು ಕೊಟ್ಟುಬಿಟ್ಟ. ನನ್ನ ಮೊದಲ ಸಲಹೆ ಬರೆದಿಟ್ಟುಕೊಳ್ಳಿ: ವ್ಯಾಪಾರಿ ಮರುಮಾತಿಲ್ಲದೆ ಕೊಟ್ಟನೆಂದರೆ ಎಲ್ಲೋ ಏನೋ ಕೆಟ್ಟಿದೆ.

ಕೆಟ್ಟಿತ್ತು. ಬಾವಿ ಹಗ್ಗದಂತಿದ್ದ ಜಡೆ ಲಂಗದ ಲಾಡಿಯಷ್ಟಾಗಿತ್ತು. ತುರುಬು ಕಟ್ಟಿದರೆ ನಿಲ್ಲುತ್ತಿರಲಿಲ್ಲ. ಅಂದು ತಲೆಯ ಮೇಲೆ ಹೊದ್ದ ಸೆರಗನ್ನು ಅತ್ತೆ ಮತ್ತೆ ಇಳಿಸಲಿಲ್ಲ. ಕೇಳಿದರೆ ಚಳಿ ಎಂದಳು. ಮುಳಬಾಗಿಲಿನ ಏಪ್ರಿಲ್ಲಿನಲ್ಲಿ ಚಳಿ! ಅಷ್ಟಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಾಲೂರಿನಲ್ಲಿ ಮೊಮ್ಮಗಳ ಸೀಮಂತ ಗೊತ್ತಾಗಿತ್ತು, ಅದಕ್ಕೂ ಹೋಗುವುದಿಲ್ಲ ಎಂದುಬಿಟ್ಟಳು. ಆ ಹುಡುಗಿಗೆ ಮೊಗ್ಗಿನ ಜಡೆ ಹೆಣೆದ ಕೈ ಇವಳದು.

"ಬೀಗರ ಮುಂದೆ ಈ ತಲೆ ಇಟ್ಕೊಂಡು ಆರತಿ ಎತ್ತಕ್ಕಾಗಲ್ಲ ಕಣೋ" ಎಂದಳು.

ನಾನು ಸುಮ್ಮನಿರುವ ಜಾತಿಯೆ? ಸಲಹೆ ಶುರು ಮಾಡಿದೆ. ಮೂರು ಬಗೆಯ ಎಣ್ಣೆ ತಂದೆ. ಎಣ್ಣೆ ಕುಡಿದ ದಿಂಬುಗಳಿಗೆ ಕೂದಲು ಬೆಳೆಯುವುದೊಂದು ಬಾಕಿ. ಈರುಳ್ಳಿ ರಸ ಹಚ್ಚಿಸಿದೆ. ಮನೆಯಲ್ಲಿ ಎಲ್ಲರೂ ಅತ್ತರು, ಅತ್ತೆಯೊಬ್ಬಳನ್ನು ಬಿಟ್ಟು. ಕೊನೆಗೆ ಅಂಗಡಿಯ ಗಿರಾಕಿಯೊಬ್ಬರು ಹೇಳಿದರೆಂದು ಮೊಟ್ಟೆಯ ಲೋಳೆಯ ಪ್ರಸ್ತಾಪ ಮಾಡಿದೆ. ನಾವು ತಲೆತಲಾಂತರದಿಂದ ಸಸ್ಯಾಹಾರಿಗಳು. ತಲೆಗೆ ಬಾಯಿಲ್ಲವಲ್ಲ, ಹಚ್ಚಿದರೆ ತಿಂದಂತಾಗುವುದಿಲ್ಲ ಎಂದು ವಾದಿಸಿದೆ.

"ಸುಮ್ನೆ ನನ್ನ ತಲೆ ತಿನ್ಬೇಡ. ಇರೋದೇ ಸ್ವಲ್ಪ" ಎಂದಳು.

ಸಸ್ಯಾಹಾರಿಗಳ ಕೂದಲು ಉದುರಿದರೆ ಪಕ್ಕದ ಮನೆಯವರೆಲ್ಲ ಡಾಕ್ಟರಾಗುತ್ತಾರೆ, ಸೊಪ್ಪು ತಿಂದು ಏನು ಬರುತ್ತೆ ಎನ್ನುತ್ತಾರೆ. ಆದರೆ ನಮ್ಮ ಮನೆಯಲ್ಲಿ ಏನು ಕಮ್ಮಿ? ವಾರದಲ್ಲಿ ನಾಲ್ಕು ದಿನ ಬಸ್ಸಾರು! ಹುರುಳಿ, ಅಲಸಂದೆ, ಅವರೆ, ಜೊತೆಗೆ ದಂಟೋ ನುಗ್ಗೆಯೋ. ಬೇಯಿಸಿ ಬಸಿದರೆ, ಬಸಿದ ನೀರು ಕಟ್ಟು, ಅದರಿಂದ ಸಾರು. ಜರಡಿಯಲ್ಲಿ ಉಳಿದ ಸೊಪ್ಪು ಕಾಳು ಒಗ್ಗರಣೆಗೆ ಹೋಗಿ ಪಲ್ಯ.

ಈ ಕಟ್ಟಿನ ಬಗ್ಗೆ ಅತ್ತೆಯದೊಂದು ಕಾನೂನಿದೆ. ನಮ್ಮ ಹಳ್ಳಿಯಲ್ಲಿ ಹೈಸ್ಕೂಲಿರಲಿಲ್ಲವೆಂದು ನಾವು ಅಣ್ಣತಮ್ಮಂದಿರು ಮೂವರು ತಾಯಲೂರಿನ ಅವಳ ಮನೆಯಲ್ಲಿದ್ದು ಓದಿದೆವು. ಅವಳ ಮಕ್ಕಳಿಬ್ಬರೂ ಸೇರಿ ಐದು ತಟ್ಟೆ. ಪಲ್ಯವೆಲ್ಲ ಆ ತಟ್ಟೆಗಳಿಗೆ ಸುರಿದು, ತಾನು ಕಟ್ಟಿನಲ್ಲಿ ಮುದ್ದೆ ಅದ್ದಿಕೊಂಡು, "ಸತ್ವ ಎಲ್ಲಾ ನೀರಲ್ಲಿ ಇಳಿದಿರತ್ತೆ. ಸತ್ವ ನಂಗೆ, ಚರಟ ನಿಮಗೆ" ಎನ್ನುತ್ತಿದ್ದಳು. ಎಂಥ ಸ್ವಾರ್ಥ ಎಂದು ನಮಗೆ ಉರಿದುಹೋಗುತ್ತಿತ್ತು. ನನ್ನ ಪಲ್ಯವೆಲ್ಲ ಕೊಡುತ್ತೇನೆ, ಅರ್ಧ ಬಟ್ಟಲು ಕಟ್ಟು ಕೊಡು ಎಂದು ನಾನು ಹಟ ಹಿಡಿದದ್ದುಂಟು. ನನ್ನ ಜೀವನದ ಮೊದಲ ಚೌಕಾಸಿ ಅದು. ಸೋತೆ. ಆ ಕಾನೂನು ನಮ್ಮ ಮನೆಗೂ ಅವಳ ಜೊತೆಯೇ ಬಂದಿತ್ತು.

ಎಣ್ಣೆಗಳು ಮುಗಿದ ಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು (ನೀವು ಹಾಗೆ ಮಾಡಿ): ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದೆ. ಕಬ್ಬಿಣದ ಅಂಶ ಕಮ್ಮಿ, ಪ್ರೋಟೀನೂ ಕಮ್ಮಿ. ಏನೇನು ಊಟ ಮಾಡುತ್ತೀರಿ ಎಂದು ಡಾಕ್ಟರಮ್ಮ ಕೇಳಿದರೆ, ಅತ್ತೆ ಎಲ್ಲ ಕಾಳುಗಳ ಹೆಸರನ್ನೂ ಸಹಸ್ರನಾಮದಂತೆ ಹೇಳಿದಳು. ಡಾಕ್ಟರಮ್ಮನಿಗೆ ಲೆಕ್ಕ ತಾಳೆಯಾಗಲಿಲ್ಲ. ಅದರಲ್ಲಿ ನೀವು ತಿನ್ನುವುದೆಷ್ಟು ಎಂದು ಮತ್ತೆ ಕೇಳಿದಾಗ ಕಟ್ಟಿನ ಗುಟ್ಟು ಹೊರಬಂತು. ನೀರಿಗೆ ಇಳಿಯುವುದು ಸ್ವಲ್ಪವೇ, ಮುಖ್ಯವಾದದ್ದು ಕಾಳಿನಲ್ಲೇ ಉಳಿಯುತ್ತದೆ, ಅದನ್ನು ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ತಕ್ಷಣ ಕಾಫಿ ಬೇಡ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಮುಳಬಾಗಿಲಿನ ಬಸ್ಸು ಹತ್ತಿದ್ದೇ ನಾನು ಶುರು ಮಾಡಿದೆ. ಇಷ್ಟು ವರ್ಷದ ಸೋಲಿಗೆ ಬಡ್ಡಿ ಬೇಡವೆ?

"ನೋಡ್ದಾ ಅತ್ತೆ, ನಿನ್ನ ಸತ್ವ ಎಲ್ಲಾ ನೀರುಪಾಲು. ನಿಜವಾದ ಮಾಲು ನಮ್ಮ ತಟ್ಟೆಗೇ ಬಿತ್ತು."

ಅತ್ತೆ ಕಿಟಕಿಯ ಆಚೆಯ ಟೊಮೆಟೊ ತೋಟಗಳನ್ನು ನೋಡುತ್ತಿದ್ದಳು.

"ಗೊತ್ತು ಕಣೋ."

"ಏನ್ ಗೊತ್ತು?"

"ಒಂದು ಪಾವು ಕಾಳು, ಐದು ತಟ್ಟೆ. ನೀನು ಪ್ರತಿ ಸಲ ಕೈ ತಡೆದು, 'ಅತ್ತೆ, ನಿಂಗೆ?' ಅಂತಿದ್ದೆ. ಏನಾದ್ರೂ ಹೇಳ್ಬೇಕಲ್ಲ." ಗಾಳಿಗೆ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಆಮೇಲೆ ಹೇಳಿ ಹೇಳಿ ನಂಗೇ ನಂಬಿಕೆ ಬಂದ್ಬಿಡ್ತು."

ನಾನು ಮುಳಬಾಗಿಲು ಬರುವವರೆಗೆ ಯಾರಿಗೂ ಯಾವ ಸಲಹೆಯನ್ನೂ ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಅಲಸಂದೆಯ ಬಸ್ಸಾರು. ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡು, ಅತ್ತೆಯ ಕೂದಲಿಗೆ ಬಂದ ದೊಡ್ಡ ಬಟ್ಟಲಿನ ತುಂಬ ನಾನೇ ಪಲ್ಯ ಬಡಿಸಲು ಹೋದೆ. ಎರಡು ಚಮಚ ಸಾಕು ಎಂದಳು. ಇಡೀ ಬಟ್ಟಲು ಎಂದೆ. ಮೂರು ಎಂದಳು. ಕೊನೆಗೆ ಅರ್ಧ ಬಟ್ಟಲಿಗೂ, ಸೆರಗು ಹೊದ್ದುಕೊಂಡೇ ಸೀಮಂತಕ್ಕೆ ಬರುವುದಕ್ಕೂ ವ್ಯಾಪಾರ ಕುದುರಿತು. ಮೊದಲ ತುತ್ತು ಎತ್ತಿದವಳು ಕೈ ತಡೆದಳು.

"ನಿಂಗೆ?"

ಕಟ್ಟಿನ ಪಾತ್ರೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ನಂಗೆ ಇದು ಸಾಕತ್ತೆ. ಸತ್ವ ಎಲ್ಲಾ ಇದರಲ್ಲೇ ಇರೋದು."