ಕಾಕಾ ಬಿಟ್ಟ ಸೋಡಾ

ಒಂದು ಹನಿಯೂ ನಾಲಿಗೆಗೆ ತಾಗಿಸದೆ ಒಂದು ಪಾನೀಯದ ಚಟಕ್ಕೆ ಬಿದ್ದವರು ಜಗತ್ತಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬನೇ! ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದಿಂದ ಪುಣೆಗೆ ಬಂದು, ಚಾಕಣದ ಕಾರಖಾನೆಯೊಂದರಲ್ಲಿ ನಿವೃತ್ತಿಯವರೆಗೂ ಕಬ್ಬಿಣದ ಬಿಡಿಭಾಗಗಳ ತಪಾಸಣೆ ಮಾಡಿದವನು. ಮನೆಯಲ್ಲೂ ಅದೇ ಕಣ್ಣು. ಚಪಾತಿ ದುಂಡಗಿಲ್ಲದಿದ್ದರೆ "ರಿಜೆಕ್ಟ್" ಎಂದು ತಾಟಿನ ಅಂಚಿಗೆ ಸರಿಸುವನು. ಹಸಿವಾದರೆ ಆಮೇಲೆ ಅದನ್ನೂ ತಿನ್ನುವನು.

ಪಾನೀಯ ಯಾವುದು ಅಂತೀರಾ? ಸ್ಕಾಟ್ಲೆಂಡಿನವರು ನೀರಿಗಿಂತ ಹೆಚ್ಚು ಕುಡಿಯುವ, ಕಿತ್ತಳೆ ಬಣ್ಣದ ಒಂದು ಸೋಡಾ. ಕಾರಖಾನೆಗೆ ಹೊಸ ಯಂತ್ರ ಕೂಡಿಸಲು ಬಂದಿದ್ದ ಅಲ್ಲಿಯ ಎಂಜಿನಿಯರನೊಬ್ಬ ದಿನಾ ಊಟದ ಹೊತ್ತಿಗೆ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದನಂತೆ. ಅದರಲ್ಲಿ ಚೂರು ಕಬ್ಬಿಣದ ಅಂಶವಿದೆ ಎಂದೂ ಹೇಳಿಬಿಟ್ಟ. ತೀರಿತು! ಹಗಲೆಲ್ಲ ಕಬ್ಬಿಣ ಮುಟ್ಟುವವನಿಗೆ ಅದನ್ನು ಕುಡಿಯುವವರೂ ಇದ್ದಾರೆಂದು ಗೊತ್ತಾದ ಮೇಲೆ ಸಮಾಧಾನ ಎಲ್ಲಿಯದು? ಮದುವೆ ಮುಂಜಿವೆಗಳಲ್ಲಿ ಯಾರಾದರೂ ಶರಬತ್ತು ಕೊಟ್ಟರೆ ಸಾಕು, "ಇದೇನ್ರಿ, ಸ್ಕಾಟ್ಲೆಂಡಿನಾಗ ಒಂದ ಸೋಡಾ ಅದ..." ಎಂದು ಶುರು ಮಾಡುವನು. ಶರಬತ್ತು ಕೊಟ್ಟವರು ಮೆಲ್ಲಗೆ ಜಾಗ ಬದಲಿಸುವರು.

ಅವನ ಹೆಂಡತಿ, ನಮ್ಮ ಕಾಕುವಿನ ಚಟ ಹಾಗೆ ಕೈಗೆ ಸಿಗದಂಥದ್ದಲ್ಲ. ಚಹಾ! ದಿನಕ್ಕೆ ಆರು ಸಲ. ಊಟ ತಪ್ಪಿದರೆ ಸುಮ್ಮನಿರುವಳು, ಚಹಾ ತಪ್ಪಿದರೆ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗುತ್ತಿತ್ತು.

ಕಾಕಾನ ಹೃದಯಕ್ಕೆ ಆಪರೇಶನ್ ಆಗಿ, ಅವನು ಬದುಕಿ ಮನೆಗೆ ಬಂದ ಮೇಲೆ ಇಬ್ಬರೂ ಕಾಶಿಗೆ ಹೋದರು. ಕಾಶಿಗೆ ಹೋದವರು ತಮಗೆ ಪ್ರೀತಿಯ ಒಂದು ಪದಾರ್ಥವನ್ನು ಅಲ್ಲೇ ಬಿಟ್ಟುಬರಬೇಕಲ್ಲ? ಜಾಣರು ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಕಾಕು ಮಾತ್ರ ಗಂಡನ ಜೀವ ಗಟ್ಟಿಯಾಗಿರಲಿ ಎಂದು ಗಂಗೆಯಲ್ಲಿ ನಿಂತು ಚಹಾ ಬಿಟ್ಟಳು. ಅಳುತ್ತಲೇ ಬಿಟ್ಟಳಂತೆ. ಆಮೇಲೆ ಕಾಕಾನ ಸರದಿ.

"ಸ್ಕಾಟ್ಲೆಂಡಿನ ಸೋಡಾ ಬಿಟ್ಟೆ!"

ಪುರೋಹಿತರು ನಮ್ಮ ಕಡೆಯವರೇ. "ಇಷ್ಟದ್ದು ಬಿಡಬೇಕ್ರಿ," ಅಂದರು.

"ಭಾಳ ಇಷ್ಟ ಅದ್ರಿ."

"ಎಷ್ಟ ಸಲ ಕುಡದೀರಿ?"

"ಒಮ್ಮಿನೂ ಇಲ್ಲ."

ಒದ್ದೆ ಸೀರೆಯಲ್ಲೇ ಕಾಕು ಗದರಿದಳು: "ಸಿಗಲಾರದ್ದ ಬಿಟ್ಟು ದೇವರಿಗೇ ಟೊಪಗಿ ಹಾಕ್ತೀರೇನ್ರಿ?"

ಆದರೆ ದೇವರು ಟೋಪಿ ಹಾಕಿಸಿಕೊಳ್ಳುವ ಪೈಕಿಯವನಲ್ಲ. ಮರುವರ್ಷವೇ ಪುಣೆಯ ವಿಮಾನ ನಗರದ ನನ್ನ ಆಫೀಸಿನವರು ನನ್ನನ್ನು ಎರಡು ವರ್ಷಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಕಳಿಸಿದರು. ಬೇಸಿಗೆಗೆ ಇಬ್ಬರನ್ನೂ ಕರೆಸಿಕೊಂಡೆ. ಬಸ್ಸಿನಲ್ಲಿ, ಉದ್ಯಾನದಲ್ಲಿ, ಕೋಲೂರಿಕೊಂಡು ನಡೆಯುವ ಮುದುಕಿಯ ಚೀಲದಲ್ಲಿ, ಎಲ್ಲಿ ನೋಡಿದರಲ್ಲಿ ಅದೇ ಸೋಡಾ! ಒಂದು ಬಾಟಲಿ ಕೊಂಡು ಕಾಕಾನ ಕೈಗಿತ್ತೆ. ಮುಚ್ಚಳ ತೆಗೆದ, ಮೂಸಿದ, ತುಟಿಯವರೆಗೆ ಒಯ್ದ. ಮತ್ತೆ ಇಳಿಸಿದ.

"ಕುಡಿ ಕಾಕಾ, ಕಾಶಿ ಇಲ್ಲಿಂದ ಭಾಳ ದೂರ ಅದ," ಅಂದೆ.

ಕಾಕು ಅತ್ತ ಬೆಂಚಿನ ಮೇಲೆ ಕೂತು, ಅಲ್ಲಿ ಬೇಸಿಗೆಯಲ್ಲೂ ಬಿಡದ ಚಳಿಗೆ ಬರೀ ಬಿಸಿನೀರು ಕುಡಿಯುತ್ತಿದ್ದಳು. ಕಾಕಾ ಅವಳನ್ನೇ ನೋಡಿದ. "ಆಕಿ ನನ್ನ ಸಂಬಂಧ ಚಾ ಬಿಟ್ಟಾಳ, ಮಗಳ. ನಾ ಇದನ್ನ ಕುಡದು ಆಕಿಗೆ ಹೆಂಗ ಮಾರಿ ತೋರಿಸ್ಲಿ?"

ಹೀಗೆ ಮೋಸದಲ್ಲಿ ಶುರುವಾದ ವ್ರತ ಅಂದು ನಿಜವಾದ ವ್ರತವಾಯಿತು. ಮುಂದಿನ ಹದಿನೈದು ದಿನ ನಾವು ಕುಡಿಯಬೇಕು, ಅವನು ನಮ್ಮ ಬಾಯಿ ನೋಡಬೇಕು. "ಹೆಂಗದ? ಕಬ್ಬಿಣ ಗೊತ್ತಾಗ್ತದೇನು?" ನನಗೆ ಬಬಲ್ ಗಮ್ ಕರಗಿಸಿದ ಹಾಗಿತ್ತು. ಕಾಕು ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದಳು: "ನಿಮ್ಮ ಫ್ಯಾಕ್ಟರಿ ಅಂಗಿ ನೆನಿ ಇಟ್ಟ ನೀರಿಗೆ ಸಕ್ರಿ ಹಾಕಿದಂಗ ಅದ." ಕಾಕಾ ಕಣ್ಣು ಮುಚ್ಚಿ ತಲೆದೂಗಿದ! ಅವನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕೇ?

ಪುಣೆಗೆ ಮರಳುವಾಗ ಅದೇ ಸೋಡಾದ ನಾಲ್ಕು ಡಬ್ಬಿ ಹೊತ್ತೊಯ್ದ. ಅಪಾರ್ಟ್‌ಮೆಂಟಿನವರನ್ನೆಲ್ಲ ಕರೆದು ಚಮಚ ಚಮಚ ಹಂಚಿದನಂತೆ. ಎದುರು ಮನೆಯ ಮರಾಠಿ ಅಜ್ಜ "ಅರೇ, ಹೇ ತರ ಖೋಕಲ್ಯಾಚಂ ಔಷಧ!" ಎಂದು ಉಗುಳಿದರು. ತನ್ನ ಸೋಡಾವನ್ನು ಕೆಮ್ಮಿನ ಔಷಧ ಅಂದರೆಂದು ಕಾಕಾ ಅವರ ಜೊತೆ ಒಂದು ವಾರ ಮಾತಾಡಲಿಲ್ಲ. ಉಳಿದ ಒಂದು ಡಬ್ಬಿ ಕಪಾಟು ಸೇರಿತು.

ಇಲ್ಲಿಂದ ಮುಂದೆ ನಿಮ್ಮನ್ನು ನಗಿಸುವುದು ನನಗೆ ಕಷ್ಟ. ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ನಾನು ಪುಣೆಗೆ ಮರಳುವಷ್ಟರಲ್ಲಿ ಅವಳು ಹಾಸಿಗೆಗೆ ಅಂಟಿಕೊಂಡಿದ್ದಳು. ಇನ್ನು ಏನು ಬೇಡಿದರೂ ಕೊಡಿ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಹಣ್ಣು ಬೇಡ, ಗಂಜಿ ಬೇಡ. ಎದುರು ಮನೆಯಲ್ಲಿ ಚಹಾ ಕುದಿಯುವ ವಾಸನೆ ಬಂದಾಗ ಮಾತ್ರ ಕಣ್ಣು ಬಿಡುತ್ತಿದ್ದಳು. ಒಂದು ದಿನ ನನ್ನ ಕಿವಿಯಲ್ಲಿ ಹೇಳಿದಳು: "ಒಂದ ಗುಟುಕು ಚಾ ಕುಡದು ಹೋಗಬೇಕನಸ್ತದ. ಆದ್ರ ಕುಡೀಲಾರೆ."

ಕಾಕಾ ಬೇಡಿಕೊಂಡ. "ಕುಡಿ, ನನಗೇನೂ ಆಗಂಗಿಲ್ಲ."

"ನಿಮ್ಮ ಜೀವಕ್ಕಂತ ಬಿಟ್ಟೀನ್ರಿ. ಈಗ ಕುಡದು ನಾಳೆ ನಿಮಗ ಏನರ ಆದ್ರ? ನೋಡ್ಲಿಕ್ಕೆ ನಾನೂ ಇರಂಗಿಲ್ಲ."

ಕಾಶಿಯ ಪುರೋಹಿತರಿಗೆ ಫೋನು ಹಚ್ಚಿಕೊಟ್ಟೆ. ರೋಗಿಗಳಿಗೆ ದೋಷವಿಲ್ಲ ಎಂದು ಅವರೇ ಹೇಳಿದರು. ಕಾಕು ಒಪ್ಪಲಿಲ್ಲ. "ಅವರಿಗೇನು, ಚಾ ಕುಡಕೋತನ ಹೇಳ್ಲಿಕ್ಕತ್ತಾರ. ಸೊರ್ ಅಂತ ಕೇಳಸ್ತು," ಅಂದಳು. ನಕ್ಕೆ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಮಧ್ಯಾಹ್ನ ಕಾಕಾ ಕಪಾಟು ತೆಗೆದು ಆ ಡಬ್ಬಿಯನ್ನು ಹೊರತಂದ. ಅವಳ ಮಂಚದ ಮೇಲೆ ಕೂತು, ಟಪ್ಪೆಂದು ತೆಗೆದು, ಗಟಗಟನೆ ಪೂರ್ತಿ ಕುಡಿದುಬಿಟ್ಟ! ಕಾಕು ಬೆಚ್ಚಿ ನೋಡಿದಳು. ಅವನು ಅವಳ ಕೈ ಎತ್ತಿ ತನ್ನ ಎದೆಯ ಮೇಲಿಟ್ಟುಕೊಂಡ.

"ನೋಡು. ನಾ ಬಿಟ್ಟದ್ದ ಕುಡದೆ. ನಿಂತದೇನು?"

ಕಾಕು ಬಹಳ ಹೊತ್ತು ಕೈ ತೆಗೆಯಲಿಲ್ಲ. ಗಡಿಯಾರ ನೋಡುತ್ತ ಹಾಗೇ ಇದ್ದಳು. ಕೊನೆಗೆ, "ಸಕ್ರಿ ಕಮ್ಮಿ ಹಾಕ್ರಿ," ಅಂದಳು.

ಅಡುಗೆಮನೆಗೆ ಕಾಲಿಡದ ಮನುಷ್ಯ ಓಡಿದ. ಹಾಲು ಉಕ್ಕಿಸಿದ, ಬೆರಳು ಸುಟ್ಟುಕೊಂಡ, ನನ್ನನ್ನು ಹತ್ತಿರ ಬಿಡಲಿಲ್ಲ. ಕಾಕು ಮೂರು ಚಮಚ ಕುಡಿದಳು. "ಹಾಲು ಹೊತ್ತದ," ಅಂದಳು. ಮತ್ತೆ ಬಾಯಿ ತೆರೆದಳು. ನಾಲ್ಕನೆಯ ದಿನ ಹೋದಳು.

ಹದಿಮೂರು ದಿನ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಕಾಕಾನನ್ನು ಮಾತಿಗೆಳೆಯಲು ಕೇಳಿದೆ: "ಕಾಕಾ, ಇಷ್ಟ ವರ್ಷ ಹಾದಿ ಕಾಯ್ದಿ. ಹೆಂಗಿತ್ತು ಸೋಡಾ?"

ಅವನು ನೆನಪಿಸಿಕೊಳ್ಳಲು ಪ್ರಯತ್ನಪಟ್ಟ. ನಿಜಕ್ಕೂ ಪ್ರಯತ್ನಪಟ್ಟ.

"ಗೊತ್ತಾಗಲಿಲ್ಲ, ಮಗಳ," ಅಂದ. "ಆಕಿ ಚಾ ಕುಡೀತಾಳೋ ಇಲ್ಲೋ ಅಂತ ಆಕೀ ಮಾರೀನ ನೋಡ್ಲಿಕ್ಕತ್ತಿದ್ದೆ."